ಸದರಿ ಹಂಸಗಳು

ಬಹಳ ಹಿಂದೆ, ಅಂದರೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಧವಳಾವತಿ ಎಂಬ ರಾಜ್ಯವಿತ್ತು. ಅಲ್ಲಿ ಧವಳಕೀರ್ತಿ ಮಹಾರಾಜರು ಪ್ರಜೆಗಳನ್ನು ಮಕ್ಕಳಂತೆ ಪಾಲಿಸುತ್ತಿದ್ದರು. ಕೆಲವು ಮಕ್ಕಳನ್ನು ಒಳಗೆ ಮಲಗಿಸಿ ಕೆಲವರನ್ನು ಹೊರಗೆ ಮಲಗಿಸುತ್ತಿದ್ದರು, ಅಷ್ಟೆ. ಮಗುವಿಗೆ ಹೆಸರಿಡುವ ದಿನ ವರ್ಣಾಧಿಕಾರಿಯೊಬ್ಬ ಒಂದು ಬಟ್ಟಲು ಬೆಣ್ಣೆ, ಒಂದು ಬಟ್ಟಲು ಕರಿ ಎಳ್ಳು ಹಿಡಿದು ಮನೆಗೆ ಬರುತ್ತಿದ್ದ. ಮಗುವಿನ ಕೆನ್ನೆಯ ಬಣ್ಣ ಯಾವ ಬಟ್ಟಲಿಗೆ ಹತ್ತಿರವೋ ಅದೇ ಅದರ ವರ್ಗ. ಆಮೇಲೆ ಎಲ್ಲವೂ ಎರಡೆರಡು: ಎರಡು ಅಂಚೆ ಕಚೇರಿ, ಎರಡು ಸ್ಮಶಾನ, ಎರಡು ಆಸ್ಪತ್ರೆ. ಎಳ್ಳು ವರ್ಗದ ಆಸ್ಪತ್ರೆ ಇನ್ನೂ ಟೆಂಡರ್ ಹಂತದಲ್ಲಿದ್ದುದರಿಂದ ಆ ವರ್ಗದವರು ಸದ್ಯಕ್ಕೆ ಕಾಯಿಲೆ ಬೀಳಬಾರದೆಂದು ಸುತ್ತೋಲೆ ಹೊರಡಿಸಲಾಗಿತ್ತು. ನೆರಳು ಮಾತ್ರ ಎರಡೂ ವರ್ಗದವರದು ಕಪ್ಪಗೇ ಬೀಳುತ್ತಿತ್ತು. ಈ ಅಕ್ರಮದ ಬಗ್ಗೆ ಉನ್ನತ ಮಟ್ಟದ ಸಮಿತಿಯೊಂದನ್ನು ರಚಿಸಿ, ಅದರ ಅವಧಿಯನ್ನು ಆಗಾಗ ವಿಸ್ತರಿಸಲಾಗುತ್ತಿತ್ತು.

ಧವಳಾವತಿಯಲ್ಲಿ ಪ್ರಜಾಪ್ರಭುತ್ವಕ್ಕೇನೂ ಕೊರತೆಯಿರಲಿಲ್ಲ. ಜನಸಭೆಯೊಂದಿತ್ತು; ಸದಸ್ಯರೆಲ್ಲ ಬೆಣ್ಣೆ ವರ್ಗದವರು. ಪ್ರತಿ ಸೋಮವಾರ ಪ್ರಶ್ನೋತ್ತರ ವೇಳೆಯಲ್ಲಿ ಅವರು ಮಂತ್ರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ ರೀತಿ ನೋಡಿದರೆ ಮೈ ನಡುಗಬೇಕು. "ಮಹಾಪ್ರಭುಗಳ ಕೀರ್ತಿ ದಿನೇದಿನೇ ಹೆಚ್ಚುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಒಬ್ಬರು ಗುಡುಗಿದರೆ, "ಮಂತ್ರಿಗಳು ನುಣುಚಿಕೊಳ್ಳಬಾರದು, ಸ್ಪಷ್ಟವಾಗಿ ಹೊಗಳಬೇಕು!" ಎಂದು ಇನ್ನೊಬ್ಬರು ಮೇಜು ಗುದ್ದುತ್ತಿದ್ದರು.

ನಿಜವಾದ ಪ್ರಶ್ನೆ ಕೇಳುವ ಕೆಟ್ಟ ಚಾಳಿ ಇದ್ದದ್ದು ಒಬ್ಬರಿಗೆ ಮಾತ್ರ, ಮಾಚಲದೇವಿಗೆ. ಆಕೆಯೂ ಬೆಣ್ಣೆ ವರ್ಗದವಳೇ. ಆದರೆ ಹೆತ್ತ ತಾಯಿ ಬೇಗ ತೀರಿಕೊಂಡದ್ದರಿಂದ ಆಕೆಯನ್ನು ಎತ್ತಿ ಆಡಿಸಿ ಬೆಳೆಸಿದ್ದು ಎಳ್ಳುಕೇರಿಯ ದೇವೀರವ್ವ. ಎಳ್ಳು ವರ್ಗದವರೆಲ್ಲ ವಾಸವಿದ್ದ ಎಳ್ಳುಕೇರಿ ಇದ್ದದ್ದು ಗುಡ್ಡದ ಆಚೆ. ಅಲ್ಲಿನವರಿಗೆಲ್ಲ ಇದ್ದದ್ದು ಪಾಚಿ ಕಟ್ಟಿದ ಒಂದು ಹೊಂಡ. ಆ ನೀರು ಕುಡಿದು ವಾಂತಿಭೇದಿಯಾಗಿ ದೇವೀರವ್ವನ ದೊಡ್ಡ ಮೊಮ್ಮಗಳು ಹಿಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟಿದ್ದಳು. ಈಗ ಚಿಕ್ಕವಳೂ ಹಾಸಿಗೆ ಹಿಡಿದಿದ್ದಳು.

"ಅಲ್ಲಾ ಮಗಾ, ಅಷ್ಟ್ ದೊಡ್ಡ ಸಭೇಲಿ ಕೂತ್ಕತೀಯಲ್ಲ," ಎಂದಳು ದೇವೀರವ್ವ. "ಅಲ್ಲಿ ಒಂದ್ ಮಾತ್ ಕೇಳ್ಬಾರ್ದಾ? ನಮ್ಗೂ ಒಂದು ನಲ್ಲಿ ಹಾಕ್ಸಿ ಅಂತವ. ಈ ಚಿಕ್ಕೋಳ್ನಾದ್ರೂ ನಾನು ಉಳುಸ್ಕಬೇಕು."

"ಕೇಳ್ತೀನಿ ಅವ್ವ. ಕೇಳ್ತಾನೇ ಇದೀನಿ," ಎಂದಳು ಮಾಚಲದೇವಿ. ಹೇಳುವಾಗ ಅವಳಿಗೆ ನಾಚಿಕೆಯಾಯಿತು.

ಕೇಳುತ್ತಿದ್ದುದೇನೋ ನಿಜ. ಎಳ್ಳುಕೇರಿಯಲ್ಲಿ ಕುಡಿಯುವ ನೀರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿಲ್ಲ. ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಪ್ರಶ್ನೆ ಉದ್ಭವಿಸುವುದಿಲ್ಲ. ಬಂದಿಲ್ಲದಿದ್ದಲ್ಲಿ, ಯಾವಾಗ ಬರಬಹುದು? ಪರಿಶೀಲನೆಯಲ್ಲಿದೆ. ಹೀಗೆ ಉತ್ತರಿಸುತ್ತಿದ್ದವರು ಜಲ ಹಾಗೂ ವರ್ಣವಿಂಗಡಣೆ ಸಚಿವರಾದ ಶಂಖಪಾಲರು. ಅವರು ಎಂಥ ದಕ್ಷರೆಂದರೆ, ಪ್ರಶ್ನೆಗಳನ್ನು ಕೇಳಿಸಿಕೊಳ್ಳುವ ದೌರ್ಬಲ್ಯವೇ ಅವರಿಗಿರಲಿಲ್ಲ. ಕಚೇರಿಯವರು ಉತ್ತರಗಳನ್ನು ಸಾಲಾಗಿ ಬರೆದು ಕೊಡುತ್ತಿದ್ದರು. ಒಬ್ಬ ಸದಸ್ಯರು ಕೂತ ತಕ್ಷಣ ಇವರು ಎದ್ದು, ತಲೆಯೆತ್ತದೆ ಮೇಲಿನ ಹಾಳೆಯನ್ನು ಓದುತ್ತಿದ್ದರು. ಅಷ್ಟರಲ್ಲಿ ಸದನ ಮೇಜು ತಟ್ಟುತ್ತಿತ್ತು.

ಅನಾಹುತವಾದದ್ದು ಒಂದು ವಡೆಯಿಂದ. ಆ ಸೋಮವಾರ ಮೊದಲ ಪ್ರಶ್ನೆ ಇದ್ದದ್ದು ಗುಣಭದ್ರಯ್ಯನವರದು, ಅರಮನೆಯ ಕೊಳದ ಹಂಸಗಳ ಬಗ್ಗೆ. ಎರಡನೆಯದು ಮಾಚಲದೇವಿಯದು. ಆದರೆ ಸಭಾಭವನದ ಕ್ಯಾಂಟೀನಿನಲ್ಲಿ ಬಿಸಿ ಉದ್ದಿನವಡೆ ಇಳಿದಿದೆ ಎಂಬ ಸುದ್ದಿ ಬಂದು ಗುಣಭದ್ರಯ್ಯನವರು ಎದ್ದು ಹೋಗಿದ್ದರು. ಸಭಾಧ್ಯಕ್ಷರು "ಸದಸ್ಯರು ಗೈರುಹಾಜರು, ಮುಂದಿನ ಪ್ರಶ್ನೆ" ಎಂದರು. ಮಾಚಲದೇವಿ ಎದ್ದು ಎಂದಿನಂತೆ ಎಳ್ಳುಕೇರಿಯ ನೀರಿನ ಬಗ್ಗೆ ಕೇಳಿ ಕೂತಳು. ಶಂಖಪಾಲರು ಎದ್ದರು. ಮೇಲಿನ ಹಾಳೆ ಹಂಸಗಳದು.

"ಮಾನ್ಯ ಅಧ್ಯಕ್ಷರೇ, ಸದರಿ ಹಂಸಗಳು ಶುದ್ಧ ನೀರಿಲ್ಲದೆ ಬಳಲುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆ. ಮಹಾಪ್ರಭುಗಳು ಇದನ್ನು ಕೇಳಿ ಊಟ ಬಿಟ್ಟಿದ್ದಾರೆ. ಬೆಟ್ಟದ ತೊರೆಯಿಂದ ಕೊಳವೆ ಹಾಕಿ ಈ ವಾರವೇ ದಿನವಿಡೀ ಸಿಹಿನೀರು ಒದಗಿಸಲಾಗುವುದು."

ಸದನ ಮೇಜು ತಟ್ಟಿತು. ಹಾಳೆ ಅದಲುಬದಲಾಗಿರುವುದು ಮಾಚಲದೇವಿಗೆ ಹೊಳೆಯಿತು. ತಪ್ಪಾಗಿದೆಯೆಂದು ತಿಳಿಸುವುದು ಸಭ್ಯತೆ. ಆದರೆ ಹಾಸಿಗೆ ಹಿಡಿದ ಆ ಮಗುವಿನ ಮುಖ ಕಣ್ಣ ಮುಂದೆ ಬಂತು. ಸಭ್ಯತೆ ಹಾಳಾಗಿ ಹೋಗಲಿ ಎಂದುಕೊಂಡು ಅವಳು ದಿಗ್ಗನೆ ಎದ್ದಳು.

"ಉಪಪ್ರಶ್ನೆ, ಅಧ್ಯಕ್ಷರೇ. ನನ್ನ ಪ್ರಶ್ನೆಗೆ ಸಚಿವರು ಕೊಟ್ಟ ಈ ಉತ್ತರವನ್ನು ಸದನಕ್ಕೆ ಕೊಟ್ಟ ಭರವಸೆ ಎಂದು ಭಾವಿಸಬಹುದೇ?"

"ಭರವಸೆಯೇ," ಎಂದರು ಶಂಖಪಾಲರು ಹಾಳೆ ಮಗುಚುತ್ತ.

ಇಲ್ಲಿಗೇ ನಿಂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೂರನೆಯ ಸದಸ್ಯರು, ಯುವರಾಜರ ಹುಟ್ಟುಹಬ್ಬಕ್ಕೆ ಜಲಕ್ರೀಡೆ ಏರ್ಪಡಿಸುವ ಪ್ರಸ್ತಾವವಿದೆಯೇ ಎಂದು ಕೇಳಿದರು. ಅದನ್ನು ಕೇಳಲೆಂದೇ ಮಹಾರಾಜರು ಮಗನೊಡನೆ ಮೇಲಿನ ಗ್ಯಾಲರಿಯಲ್ಲಿ ಬಂದು ಕೂತಿದ್ದರು. ಶಂಖಪಾಲರು ಎಳ್ಳುಕೇರಿಗೆಂದು ಬರೆದಿದ್ದ ಉತ್ತರವನ್ನು ಗಂಭೀರವಾಗಿ ಓದಿದರು: "ಸದರಿಯವರಿಗೆ ಹುಟ್ಟಿನಿಂದಲೇ ಸ್ನಾನದ ಅಭ್ಯಾಸವಿಲ್ಲ. ಅವರಿಗಾಗಿ ಬೊಕ್ಕಸದ ಹಣ ಪೋಲು ಮಾಡುವ ಪ್ರಸ್ತಾವ ಸರ್ಕಾರದ ಮುಂದೆ ಇರುವುದಿಲ್ಲ." ಸದನ ಇನ್ನೂ ಜೋರಾಗಿ ಮೇಜು ತಟ್ಟಿತು.

ಸಂಜೆ ಅರಮನೆಯಲ್ಲಿ ತುರ್ತು ಸಭೆ. ಪ್ರಧಾನ ಕಾರ್ಯದರ್ಶಿ ಚತುರಾನನರು ಕೈಕಟ್ಟಿ ನಿಂತಿದ್ದರು. ಶಂಖಪಾಲರು ನೆಲ ನೋಡುತ್ತಿದ್ದರು.

"ನಮ್ಮ ಮಗ ಸ್ನಾನ ಮಾಡುವುದಿಲ್ಲವೇನಯ್ಯಾ?" ಎಂದರು ಮಹಾರಾಜರು.

"ಇಂದು ಬೆಳಗಿನವರೆಗೆ ಮಾಡುತ್ತಿದ್ದರು ಪ್ರಭು," ಎಂದರು ಚತುರಾನನರು. "ಸದನದಲ್ಲಿ ಹೇಳಿಯಾದ ಮೇಲೆ ಮಾಡುವಂತಿಲ್ಲ. ಮಂತ್ರಿಯ ಮಾತು ತಪ್ಪೆಂದರೆ, ಅವರನ್ನು ಆರಿಸಿದ ತಮ್ಮ ಆಯ್ಕೆ ತಪ್ಪೆಂದಾಗುತ್ತದೆ. ಲೋಕವನ್ನು ತಿದ್ದಬಹುದು, ಕಡತವನ್ನು ತಿದ್ದಲಾಗದು."

"ಮತ್ತೆ ಆ ಎಳ್ಳುಕೇರಿಯವರಿಗೆ ಬೆಟ್ಟದ ನೀರು?"

"ಅವರಿಗೆಲ್ಲಿ ಕೊಡುತ್ತೇವೆ ಪ್ರಭು? ಉತ್ತರದಲ್ಲಿ ಹಂಸಗಳೆಂದು ಇದೆ. ಎಳ್ಳುಕೇರಿಯ ಪ್ರಶ್ನೆಗೆ ಹಂಸಗಳೆಂದು ಉತ್ತರ ಬಂದಿದೆಯೆಂದರೆ, ಅಲ್ಲಿರುವವರು ಹಂಸಗಳೇ. ಇಷ್ಟು ದಿನ ನಮ್ಮ ಇಲಾಖೆಗೆ ತಿಳಿದಿರಲಿಲ್ಲ. ಶಂಖಪಾಲರು ಕಂಡುಹಿಡಿದಿದ್ದಾರೆ."

ಶಂಖಪಾಲರು ನಿಧಾನವಾಗಿ ತಲೆಯೆತ್ತಿದರು. ಅವರಿಗೂ ತಾವು ಕಂಡುಹಿಡಿದಿರಬಹುದು ಅನ್ನಿಸತೊಡಗಿತು.

ಮಾಚಲದೇವಿಯನ್ನು ಕರೆಸಿ ಚತುರಾನನರು ವಿಷಯವನ್ನು ಬಿಡಿಸಿ ಹೇಳಿದರು. ಉತ್ತರ ತಪ್ಪೆಂದು ಆಕೆ ತಕರಾರೆತ್ತಿದರೆ ನಲ್ಲಿಯೂ ಇಲ್ಲ, ನೀರೂ ಇಲ್ಲ. ಸುಮ್ಮನಿದ್ದರೆ ಶುಕ್ರವಾರದೊಳಗೆ ಕೊಳವೆ ಬರುತ್ತದೆ. ಅವಳು ಓಡಿದ್ದು ನೇರ ದೇವೀರವ್ವನ ಗುಡಿಸಲಿಗೆ.

"ಅವ್ವ, ನೀರು ಕೊಡ್ತಾರಂತೆ. ಆದ್ರೆ ಇನ್ಮೇಲೆ ನಿಮ್ಮನ್ನೆಲ್ಲ ಹಂಸ ಅಂತ ಬರ್ಕೋತಾರಂತೆ."

ದೇವೀರವ್ವ ಮೊಮ್ಮಗಳ ಹಣೆ ಒರೆಸುತ್ತಿದ್ದಳು. "ಇಷ್ಟ್ ದಿನ ಏನಂತ ಬರ್ಕಂಡಿದ್ರು ಮಗಾ? ಮನುಷ್ರು ಅಂತ್ಲಾ? ನೀರ್ ಬತ್ತದೆ ತಾನೇ, ಏನಾರಾ ಬರ್ಕಳ್ಳಿ."

ನೀರು ಬಂತು. ಸುಳ್ಳು ಹೇಳಬಾರದು, ಒಳ್ಳೆಯ ನೀರು. ಮೊಮ್ಮಗಳು ಎದ್ದು ಕೂತಳು, ವಾರ ಕಳೆಯುವುದರೊಳಗೆ ಅಂಗಳದಲ್ಲಿ ಓಡಾಡಿದಳು. ಮಾಚಲದೇವಿ ಸಂತೋಷದಿಂದ ಅತ್ತಳು.

ಆಮೇಲೆ ಸುತ್ತೋಲೆಗಳು ಬಂದವು. ಹಂಸಗಳಿಗೆ ಶಾಲೆಯ ಅಗತ್ಯ ಕಂಡುಬಾರದ ಕಾರಣ ಎಳ್ಳುಕೇರಿಯ ಶಾಲೆಯನ್ನು ಮುಚ್ಚಲಾಯಿತು. ಹಂಸಗಳು ಕಾಳು ತಿನ್ನುವುದರಿಂದ ಒಲೆ ಹಚ್ಚುವುದನ್ನು ನಿಷೇಧಿಸಲಾಯಿತು. ಹಾಲನ್ನೂ ನೀರನ್ನೂ ಬೇರ್ಪಡಿಸುವ ಶಕ್ತಿ ಹಂಸಕ್ಕಿದೆಯೆಂದು ಆಸ್ಥಾನ ಪಂಡಿತರು ಆಧಾರ ಸಮೇತ ತೋರಿಸಿಕೊಟ್ಟ ಮೇಲೆ, ಅರಮನೆಯ ಡೇರಿಯವರು ನೀರು ಬೆರೆತ ಹಾಲನ್ನು ಪ್ರತಿ ಮನೆಗೂ ಕಳಿಸಿದರು. ಸಂಜೆಗೆ ಗಟ್ಟಿ ಹಾಲನ್ನು ಬೇರೆ ಮಾಡಿ ಕೊಡಬೇಕು, ಕೊಡಲಾಗದವರು ದಂಡ ಕಟ್ಟಬೇಕು. ಕೇರಿಯವರು ಕೂಲಿಯ ಹಣವನ್ನೆಲ್ಲ ತಂದು ದಂಡ ಕಟ್ಟಿದರು. ಆ ಹಣದಲ್ಲಿ ಅರಮನೆಯ ಕೊಳದ ಅಸಲಿ ಹಂಸಗಳಿಗೆ ಅಮೃತಶಿಲೆಯ ಮೆಟ್ಟಿಲು ಕಟ್ಟಿಸಲಾಯಿತು.

ಮುಂದಿನ ಅಧಿವೇಶನದಲ್ಲಿ ಮಾಚಲದೇವಿ ಕೆಂಡವಾಗಿ ಎದ್ದಳು: ಎಳ್ಳು ವರ್ಗದವರಿಗೆ ಆಗುತ್ತಿರುವ ಅನ್ಯಾಯ ಸರ್ಕಾರದ ಗಮನಕ್ಕೆ ಬಂದಿದೆಯೇ? ಈ ಸಲ ಶಂಖಪಾಲರು ಸರಿಯಾದ ಹಾಳೆಯನ್ನೇ ಓದಿದರು. "ರಾಜ್ಯದಲ್ಲಿ ಎಳ್ಳು ವರ್ಗ ಎಂಬುದೇ ಈಗ ಇಲ್ಲ. ಇರುವ ಮನುಷ್ಯರೆಲ್ಲ ಬೆಣ್ಣೆ ವರ್ಗದವರು, ಉಳಿದವು ಹಂಸಗಳು, ಹಂಸಗಳೂ ಬಿಳಿ. ಧವಳಾವತಿಯಲ್ಲಿ ವರ್ಣಭೇದ ಸಂಪೂರ್ಣ ನಿರ್ಮೂಲನವಾಗಿದೆ ಎಂದು ತಿಳಿಸಲು ಹೆಮ್ಮೆಪಡುತ್ತೇನೆ." ಮೇಜುಗಳು ಮುರಿಯುವಷ್ಟು ಜೋರಾಗಿ ಸದನ ತಟ್ಟಿತು. ಮಹಾರಾಜರು ಸಚಿವರಿಗೆ 'ಸಮತಾ ಚಕ್ರವರ್ತಿ' ಎಂಬ ಬಿರುದನ್ನೂ ಚಿನ್ನದ ಕಿರೀಟವನ್ನೂ ಕೊಟ್ಟರು. ಕಿರೀಟ ತೊಡಿಸಿದವರು ಯುವರಾಜರು. ಅವರು ಹತ್ತಿರ ಬಂದಾಗ ಸಭಿಕರು ಮೂಗಿಗೆ ವಸ್ತ್ರ ಹಿಡಿದು ಆನಂದಬಾಷ್ಪ ಸುರಿಸಿದರು.

ಮಾಚಲದೇವಿ ಸಭೆಯಿಂದ ಎದ್ದು ಎಳ್ಳುಕೇರಿಗೆ ನಡೆದಳು. ನಲ್ಲಿಯ ಮುಂದೆ ದೊಡ್ಡ ಸಾಲಿತ್ತು. ಕೀಲಿ ಹಿಡಿದ ಹಂಸಪಾಲಕನೊಬ್ಬ ಸ್ಟೂಲಿನ ಮೇಲೆ ಕೂತಿದ್ದ. ಅಂದು ಬಂದ ಹೊಸ ಆದೇಶದ ಪ್ರಕಾರ, ನೀರಿಗೆ ಬರುವವರು ಹಂಸದ ನಡಿಗೆಯಲ್ಲಿ ಬರಬೇಕು. ಕತ್ತು ಎತ್ತಿ, ಮೆಲ್ಲಗೆ ಬಳುಕಿ. ಸಾಲಿನ ಮುಂದೆ ದೇವೀರವ್ವ ಕೊಡ ಹಿಡಿದು ನಿಂತಿದ್ದಳು. ಅವಳ ಎರಡು ಮಂಡಿಯೂ ಊದಿದ್ದವು.

"ಅವ್ವನ ಕೈಲಾಗಲ್ಲಪ್ಪ, ಬಿಟ್ಬಿಡು," ಎಂದಳು ಮಾಚಲದೇವಿ. "ಅವಳ ಬದಲಿಗೆ ನಾನು ನಡೀತೀನಿ." ಕೊಡ ಕಸಿದುಕೊಂಡು, ಜನಸಭೆಯ ಸದಸ್ಯೆ ಎಲ್ಲರೆದುರು ಕತ್ತೆತ್ತಿ, ಬಳುಕಿ, ನಲ್ಲಿಯವರೆಗೆ ನಡೆದಳು.

ಹಂಸಪಾಲಕ ಎದ್ದು ಕೈಮುಗಿದ. "ಬಾಳ ಚೆನ್ನಾಗಿ ನಡುದ್ರಿ ಅಮ್ಮಾವ್ರೆ. ಆದ್ರೆ ತಾವು ಮನುಷ್ರು. ತಮ್ಮ ನಡಿಗೆ ಲೆಕ್ಕಕ್ಕೆ ಬರಾಕಿಲ್ಲ."

ದೇವೀರವ್ವ ಮುಂದೆ ಬಂದು ಅವಳ ಕೈಯಿಂದ ಕೊಡ ತೆಗೆದುಕೊಂಡಳು. "ಬುಡು ಮಗಾ. ನೀನ್ ಕೊಡ್ಸಿದ್ ನೀರಲ್ವಾ," ಎಂದು ಅವಳ ಕೆನ್ನೆ ಸವರಿದಳು. ಆಮೇಲೆ ಸಾಲಿನ ಮೊದಲಿಗೆ ವಾಪಸ್ಸು ಹೋಗಿ, ಸೆರಗು ಸಿಕ್ಕಿಸಿಕೊಂಡು, ಕತ್ತೆತ್ತಿ ನಡೆಯತೊಡಗಿದಳು.