ಹದಿಮೂರು ಇಂಚಿನ ಪಂಖಾ

ಇಂಜಿನ್ನಿನ ಪೆಟ್ಟಿಗೆಯೊಳಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಅಂದಾನಪ್ಪ ಓದಬಾರದಿತ್ತು. ಕಚೇರಿಯ ಉಳಿದ ಮಂದಿಯ ಹಾಗೆ ಅದನ್ನು ಚಹಾದ ಕಪ್ಪಿನ ಕೆಳಗೆ ಇಟ್ಟುಕೊಂಡಿದ್ದರೆ ಅವನ ಪಾಡಿಗೆ ಅವನಿರುತ್ತಿದ್ದ.

ಹುನಗುಂದ ತಾಲೂಕಿನಲ್ಲಿ ಅಣೆಕಟ್ಟಿನ ಹಿನ್ನೀರು ಬಂದು ನಿಂತ ಹೊಸತು. ಈ ದಂಡೆಗೊಂದು ಕಚೇರಿ, ಆ ದಂಡೆಗೊಂದು ಕಚೇರಿ. ಮಹಾಪೂರ ಬಂದರೆ ಜನರನ್ನು ಉಳಿಸಲೆಂದು ಎರಡಕ್ಕೂ ಒಂದೊಂದು ಜೋರು ಓಟದ ಮೋಟಾರು ಬೋಟು ಮಂಜೂರಾಗಿತ್ತು. ಎರಡು ವರ್ಷ ಮಹಾಪೂರದ ಹಾದಿ ಕಾಯ್ದು ಬೇಸತ್ತ ಸಾಹೇಬರಿಬ್ಬರೂ, ಯಾರ ಬೋಟು ಜೋರು ಅಂತ ಪಂದ್ಯ ಹಚ್ಚಿಬಿಟ್ಟರು.

ಅಂದಾನಪ್ಪ ಈ ದಂಡೆಯ ಸ್ಟೋರ್ ಕಾರಕೂನ. ಪುಸ್ತಕ ಓದಿದವನು ಅವನೊಬ್ಬನೇ ಆದ್ದರಿಂದ ಬೋಟನ್ನು ನೀರಿನಲ್ಲಿ ದೂಡಲು ಇಂಜಿನ್ನಿಗೆ ಯಾವ ಪಂಖಾ ಹಚ್ಚಬೇಕು, ಪಂಖಾದ ನಡುವೆ ಯಾವ ಹಬ್ಬು ಕೂಡಿಸಬೇಕು ಎಂಬುದೆಲ್ಲ ಅವನ ತಲೆಗೇ ಬಂತು. ಅವನ ಮನಸ್ಸು ಮಾತ್ರ ಬಾಗಲಕೋಟೆಯಲ್ಲಿತ್ತು. ಹೆಂಡತಿ ಗುರುಲಿಂಗವ್ವ ಅಲ್ಲಿ ಸಾಲಿ ಮಾಸ್ತರಿಣಿ. ಹದಿನೈದು ದಿನಕ್ಕೊಮ್ಮೆ ಮನೆಗೆ ಹೋದರೆ ಸಣ್ಣ ಮಗಳು ಇವನನ್ನು ನೋಡಿ, "ಯವ್ವಾ, ಯಾರೋ ಕಾಕಾ ಬಂದಾರ" ಅಂತ ಒಳಗೆ ಓಡುತ್ತಿದ್ದಳು. ಬಾಗಲಕೋಟೆಗೆ ವರ್ಗ ಮಾಡಿರೆಂದು ಕೊಟ್ಟ ಅರ್ಜಿ ಏಳು ತಿಂಗಳಿಂದ ಸಾಹೇಬರ ಮೇಜಿನ ಮೇಲೆ ಗಾಳಿಗೆ ಹಾರದಂತೆ ಕಲ್ಲು ಹೇರಿಕೊಂಡು ಕೂತಿತ್ತು.

ಪಂದ್ಯದ ದಿನ ಮುಂಜಾನೆ ಹೆಡ್ ಕ್ಲಾರ್ಕ್ ರಾಚಪ್ಪ ಅವನನ್ನು ಸ್ಟೋರಿನ ಮೂಲೆಗೆ ಎಳೆದ.

"ನಿನ್ನ ಅರ್ಜಿ ಇವತ್ತ ತೀರ್ಮಾನ ಆಗ್ತೈತಿ ನೋಡು. ಸಾಹೇಬ್ರು ನನ್ನ ಮುಂದನ ಹೇಳ್ಯಾರ, ಬೋಟು ಸೋತ್ರ ಇವನ್ನ ಬಾಗಲಕೋಟಿಗೆ ಒಗದುಬಿಡೂನು ಅಂತ."

"ಗೆದ್ರರಿ?"

"ಗೆದ್ರ ಇಂಥಾ ಶ್ಯಾಣ್ಯಾನ್ನ ಯಾರು ಬಿಡ್ತಾರೋ?"

ಅಂದಾನಪ್ಪನ ಎದೆ ಹೋಳಿಗೆಯಂತೆ ಉಬ್ಬಿತು. ಗೆಲ್ಲುವುದು ಕಷ್ಟದ ಕೆಲಸ. ಸೋಲುವುದಕ್ಕೆ ಇಂಗ್ಲಿಷ್ ಪುಸ್ತಕವೇ ಬೇಕಿಲ್ಲ. ಆದರೂ ಅವನು ಅಚ್ಚುಕಟ್ಟಿನ ಮನುಷ್ಯ. ಪುಸ್ತಕ ನೋಡಿಯೇ ಸೋಲಬೇಕೆಂದು ನಿಶ್ಚಯಿಸಿದ.

ಗೋಣಿತಟ್ಟಿನ ಮೇಲೆ ಎರಡು ಪಂಖಾ ಇದ್ದವು. ಒಂದರ ಮೇಲೆ ಇಪ್ಪತ್ತೊಂದು, ಇನ್ನೊಂದರ ಮೇಲೆ ಹದಿಮೂರು ಅಂತ ನಂಬರು. ಪಂಖಾ ಒಮ್ಮೆ ಸುತ್ತಿದರೆ ಬೋಟು ಅಷ್ಟು ಇಂಚು ಮುಂದೆ ಸರಿಯಬೇಕು, ಲೆಕ್ಕ ಇಷ್ಟೇ. ಓಟಕ್ಕೆ ಇಪ್ಪತ್ತೊಂದರದೇ ಸರಿ ಅಂತ ಪುಸ್ತಕ ಹೇಳಿತು. ಅಂದಾನಪ್ಪ ಹದಿಮೂರರದನ್ನು ಎತ್ತಿಕೊಂಡ.

ಜೀಪಿನ ಡ್ರೈವರ್ ಇಮಾಮಸಾಬ ಬಂದು ಇಣುಕಿದ. ಬೋಟು ನಡೆಸುವವನೂ ಅವನೇ.

"ದೊಡ್ಡ ನಂಬರಿಂದು ಹಾಕೋ ಮಾರಾಯಾ. ನಂಬರು ದೊಡ್ಡದಿದ್ರ ಓಟಾನೂ ದೊಡ್ಡದು."

"ಇಲ್ಲಪಾ, ಇದರಾಗ ಒಂದು ಗುಟ್ಟು ಐತಿ" ಅಂದ ಅಂದಾನಪ್ಪ.

ಚಹಾ ತಂದ ಮಾಯವ್ವ ಪಂಖಾವನ್ನು ತಿರುವಿ ನೋಡಿ, "ಇದು ಬೀಸ್ಕೊಳ್ಳಾಕ ಭಾಳ ಚಲೋ ಅದ. ಪಂದ್ಯ ಮುಗದ ಮ್ಯಾಲ ನನಗ ಕೊಡ್ರಿ" ಅಂದಳು.

ಇನ್ನು ಹಬ್ಬು. ಪಂಖಾದ ನಡುವೆ ರಬ್ಬರು ಕೂಡಿಸಿದ ತುಂಡು ಅದು. ಪಂಖಾ ಕಲ್ಲಿಗೆ ಬಡಿದರೆ ರಬ್ಬರು ಜಾರಿ ಇಂಜಿನ್ನನ್ನು ಉಳಿಸುತ್ತದೆ. ಹೊಸದೊಂದು ಬೇಕೆಂದು ಕಳೆದ ವರ್ಷ ಮೇಲಿನ ಕಚೇರಿಗೆ ಬರೆದದ್ದಕ್ಕೆ, "ಹಬ್ಬದ ಮುಂಗಡಕ್ಕೆ ಬೇರೆ ಫಾರಮ್ ಇರುತ್ತದೆ" ಅಂತ ಉತ್ತರ ಬಂದಿತ್ತು. ಮೂರನೇ ಪತ್ರಕ್ಕೆ ಹೊಸ ಹಬ್ಬು ಬಂದಿತ್ತು. ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ರಬ್ಬರು ಸವೆದ ಹಳೆಯದನ್ನೇ ಅಂದಾನಪ್ಪ ಕೂಡಿಸಿದ. ಜೋರಾಗಿ ತಿರುವಿದರೆ ಅರ್ಧ ದಾರಿಯಲ್ಲೇ ಜಾರಬೇಕು, ಬೋಟು ನಿಲ್ಲಬೇಕು, ತಾನು ಬಾಗಲಕೋಟೆಯ ಬಸ್ಸು ಹತ್ತಬೇಕು.

ಅಷ್ಟರಲ್ಲಿ ಆ ದಂಡೆಯ ಬೋಟು ಬಂತು. ಅದರ ಮೆಕ್ಯಾನಿಕ್ ಬಂದೇನವಾಜ ಅಂದಾನಪ್ಪನ ಗೆಳೆಯ. ಹುನಗುಂದದವನು, ಕೆಲಸ ಬಲ್ಲವನು. ಇಪ್ಪತ್ತೊಂದರ ಪಂಖಾ ಹಚ್ಚಿದ್ದ.

"ಎಲ್ಲಾ ಬರೋಬರಿ ಮಾಡಿದ್ನಿ. ಆದ್ರ ನಮ್ಮ ಸಾಹೇಬ್ರು ಕೇಳಬೇಕಲ್ಲ! ಹಬ್ಬಿನಾಗ ರಬ್ಬರ್ ಯಾಕ, ಜಾರ್ತದ, ಉಕ್ಕಿನ ಗೂಟ ಜಡಿ ಅಂದ್ರು. ಜಡದೇನಿ" ಅಂತ ಅವನು ನಿಟ್ಟುಸಿರು ಬಿಟ್ಟ.

ಅವನು ಗೆಲ್ಲುವುದು ಖಂಡಿತ ಅಂತ ಅಂದಾನಪ್ಪನಿಗೆ ಸಮಾಧಾನವಾಯಿತು.

ಈ ದಂಡೆಯ ಸಾಹೇಬರ ಎದುರು ಇಂಜಿನ್ನು ಚಾಲೂ ಮಾಡಿ ತೋರಿಸಿದರು. ಹದಿಮೂರರ ಪಂಖಾಕ್ಕೆ ಅದು ಗಂಟಲು ಹರಿಯುವಂತೆ ಕಿರುಚಿತು. ಬೋಟು ಮಾತ್ರ ಬಸುರಿ ಎಮ್ಮೆಯಂತೆ ಹೊರಟಿತು.

"ಏನ್ ಒದರತೈತಲೇ!" ಅಂತ ಸಾಹೇಬರು ಹಿಗ್ಗಿದರು. ಒದರುವವರೇ ಕೆಲಸ ಮಾಡುವವರೆಂಬುದು ಅವರ ಇಪ್ಪತ್ತು ವರ್ಷದ ಅನುಭವ.

ಇನ್ನೇನು ಪಂದ್ಯ ಸುರುವಾಗಬೇಕು, ಸಾಹೇಬರ ಹೆಂಡತಿ ಇಂದ್ರಾಬಾಯಿ ಜೀಪಿನಿಂದ ಇಳಿದರು. ಹಿಂದೆ ಇಳಕಲ್ಲಿನಿಂದ ಬಂದ ತಂಗಿ, ತಂಗಿಯ ಗಂಡ, ಅವನ ತಾಯಿ, ನಾಲ್ಕು ಹುಡುಗರು. ಜೊತೆಗೆ ಬುತ್ತಿಯ ಗಂಟು, ಶೇಂಗಾ ಹೋಳಿಗೆಯ ಡಬ್ಬಿ.

"ನಾವೂ ಬರ್ತೇವ್ರಿ" ಅಂದರು ಇಂದ್ರಾಬಾಯಿ.

"ಇದು ಪಂದ್ಯ..." ಅಂದರು ಸಾಹೇಬರು.

"ಮತ್ತ? ಪಂದ್ಯ ಅಂತನ ಬಂದೇವಿ."

ಇಂಜಿನ್ನು ನೋಡಿಕೊಳ್ಳಲೆಂದು ಅಂದಾನಪ್ಪನನ್ನೂ ಹತ್ತಿಸಿಕೊಂಡು ಎಲ್ಲರೂ ಕೂತಾಗ ಬೋಟು ನೀರಿಗೆ ಮುತ್ತಿಡುವಷ್ಟು ಕುಸಿಯಿತು. ಅದನ್ನು ಕಂಡ ಆ ದಂಡೆಯ ಸಾಹೇಬರಿಗೆ ಅಪಮಾನವಾಯಿತು. "ನಮಗೇನು ಮಂದಿ ಇಲ್ಲೇನು?" ಅಂತ ತಮ್ಮ ಕಚೇರಿಯ ಹನ್ನೊಂದು ಜನರನ್ನು ತಮ್ಮ ಬೋಟಿಗೆ ತುಂಬಿಸಿದರು.

ಒಂದೂವರೆ ಮೈಲಿನಾಚೆ ನೀರಿನಿಂದ ತಲೆ ಎತ್ತಿದ್ದ ಬೇವಿನ ಮರಕ್ಕೆ ಕಟ್ಟಿದ ನಿಶಾನೆಯೇ ಗುರಿ. ರಾಚಪ್ಪ ಶೀಟಿ ಊದಿದ.

ಪುಸ್ತಕದ ಕೊನೆಯ ಹಾಳೆಯಲ್ಲಿ ಇನ್ನೊಂದು ಮಾತಿತ್ತು. ಭಾರ ಹೇರಿದರೆ ಸಣ್ಣ ನಂಬರಿನ ಪಂಖಾವೇ ಎಳೆಯುತ್ತದೆ ಅಂತ. ಅದು ಅಂದಾನಪ್ಪನಿಗೆ ನೆನಪಾದದ್ದು ಬೋಟು ಹೊರಟ ಮೇಲೆ. ಇವರದು ಕಿರುಚುತ್ತಾ ಮುಂದೆ ನುಗ್ಗಿತು. ಬಂದೇನವಾಜನದು ಮೂಗು ಆಕಾಶಕ್ಕೆ, ಬಾಲ ಪಾತಾಳಕ್ಕೆ ಮಾಡಿ ಗೊಣಗುತ್ತಾ ಹಿಂದೆ ಉಳಿಯಿತು.

"ಇಮಾಮಸಾಬ, ಸಾವಕಾಶೋ! ಸಾವಕಾಶ!" ಅಂತ ಅಂದಾನಪ್ಪ ಬೇಡಿಕೊಂಡ.

"ಜೋರ್! ಜೋರ್!" ಅಂತ ಇಂದ್ರಾಬಾಯಿ ಚಪ್ಪಾಳೆ ತಟ್ಟಿದರು.

ನಡುದಾರಿಯಲ್ಲಿ ಟಣ್ ಎಂದಿತು. ಮುಳುಗಿದ ಊರಿನ ಗೋಡೆಗಳನ್ನೆಲ್ಲ ನೆಲಸಮ ಮಾಡಲಾಗಿದೆ ಅಂತ ಎರಡೂ ಕಚೇರಿಗಳ ಕಾಗದದಲ್ಲಿ ಸಹಿಯಾಗಿತ್ತು. ಗೋಡೆಗಳಿಗೆ ಆ ಕಾಗದ ಮುಟ್ಟಿರಲಿಲ್ಲ. ಪಂಖಾ ಬಡಿಯಿತು, ಸವೆದ ಹಬ್ಬು ಜಾರಿತು, ಇಂಜಿನ್ನು ಸುಮ್ಮನೆ ಒದರತೊಡಗಿತು. ಬೋಟು ನಿಂತಿತು.

ಅಂದಾನಪ್ಪ ಕಣ್ಣು ಮುಚ್ಚಿ ಬನಶಂಕರಿಗೆ ಕೈ ಮುಗಿದ. ಪಕ್ಕದಿಂದ ಆ ದಂಡೆಯವರು ಕೇಕೆ ಹಾಕುತ್ತಾ ದಾಟಿ ಹೋದರು. ಬಾಗಲಕೋಟೆ ಕಣ್ಣ ಮುಂದೆ ಬಂತು.

ನೂರು ಮಾರು ಮುಂದೆ ಅದೇ ಊರಿನ ಗೌಡರ ವಾಡೆಯ ಗೋಡೆ ಇತ್ತು. ಉಕ್ಕಿನ ಗೂಟ ಜಡಿದ ಹಬ್ಬು ಜಾರಲಿಲ್ಲ. ಇಂಜಿನ್ನಿನ ಗಿಯರುಗಳೆಲ್ಲ ಹುರಿದ ಕಡಲೆಯಂತೆ ಚಟಪಟ ಒಡೆದು, ಆ ಬೋಟು ಹೊಗೆ ಬಿಟ್ಟು ಸತ್ತಿತು.

ಇಬ್ಬರೂ ಸೋತರೆ ಹೇಗೆ ಅಂತ ಅಂದಾನಪ್ಪ ಯೋಚಿಸುವಷ್ಟರಲ್ಲಿ ಇಮಾಮಸಾಬ ನಕ್ಕ.

"ಇದು ನನಗ ಗೊತ್ತಿದ್ದ ರೋಗ ಬಿಡೋ! ಕ್ಲಚ್ ಜಾರೋ ಜೀಪನ್ನ ಇಳಕಲ್ಲಿಂದ ಹುನಗುಂದದ ತನಕ ತಂದೇನಿ. ಅಕ್ಸಿಲೇಟರ್ ಮ್ಯಾಲ ಕಾಲು ಇಡಬಾರದು, ಬರೇ ಮುಟ್ಟಸಬೇಕು."

ಇಂಜಿನ್ನನ್ನು ಮೆತ್ತಗೆ ಮಾಡಿದ. ರಬ್ಬರು ಮತ್ತೆ ಹಿಡಿಯಿತು. ಬೋಟು ಆಮೆಯಂತೆ ತೆವಳಿ, ಹೋಳಿಗೆ ತಿನ್ನುವ ಮಂದಿಯ ಸಮೇತ ಬೇವಿನ ಮರ ಮುಟ್ಟಿತು.

ದಂಡೆಗೆ ಬಂದ ಮೇಲೆ ಇಮಾಮಸಾಬ ಸವೆದ ಹಬ್ಬನ್ನು ಬಿಚ್ಚಿ ತೋರಿಸಿದ. ಸಾಹೇಬರು ತಮಗೆ ಹಾಕಿದ್ದ ಗೆಲುವಿನ ಹಾರ ತೆಗೆದು ಅಂದಾನಪ್ಪನಿಗೆ ಹಾಕಿದರು. "ಭಾರ ಬೀಳ್ತೈತಿ ಅಂತ ಸಣ್ಣ ಪಂಖಾ, ಗೋಡಿ ಬಡೀತೈತಿ ಅಂತ ಹಳೇ ಹಬ್ಬು! ಎಲ್ಲಾ ಮೊದಲ ತಿಳ್ಕೊಂಡಾನ! ಇಂಥಾವನ್ನ ನಾ ರಿಟೈರ್ ಆಗೂತನಕ ಬಿಡಾಂಗಿಲ್ಲ" ಅಂದು ರಾಚಪ್ಪನಿಂದ ಅರ್ಜಿ ತರಿಸಿ ಎಲ್ಲರೆದುರೇ ಹರಿದರು.

ಸಂಜೆ ಬಂದೇನವಾಜ ಕಣ್ಣೊರೆಸಿಕೊಳ್ಳುತ್ತಾ ಸ್ಟೋರಿಗೆ ಬಂದ.

"ಗೂಟ ಜಡಿ ಅಂದವ್ರು ಅವ್ರು. ಇಂಜಿನ್ ಮುರದಾವ ನಾನಂತ! ಶಿಕ್ಷಾ ಅಂತ ವರ್ಗ ಮಾಡ್ಯಾರ. ಹುನಗುಂದದಾಗ ಸ್ವಂತ ಮನಿ, ಹೆಂಡತಿ, ಮಕ್ಕಳು... ನಾಳೆನ ಹೋಗಬೇಕು."

"ಎಲ್ಲಿಗೋ?" ಅಂದ ಅಂದಾನಪ್ಪ, ಕೊರಳಿನ ಹಾರ ಇನ್ನೂ ತೆಗೆದಿರಲಿಲ್ಲ.

"ಬಾಗಲಕೋಟಿಗೆ. ಅಲ್ಲಿ ಯಾರ ಗುರುತೂ ಇಲ್ಲ ನನಗ. ನಿಮ್ಮ ಮನಿ ಸನೇದಾಗ ಒಂದು ಖೋಲಿ ಕೊಡಸಪಾ, ಉಪಕಾರ ಆಗ್ತೈತಿ."

ಅಂದಾನಪ್ಪ ಹಾರ ತೆಗೆದು ಗೋಣಿತಟ್ಟಿನ ಮೇಲಿಟ್ಟ. ಆಮೇಲೆ ಒಂದು ಕಾರ್ಡು ತೆಗೆದುಕೊಂಡು ಹೆಂಡತಿಗೆ ಬರೆದ: "ನಮ್ಮ ಓಣಿಯಲ್ಲಿ ಒಂದು ಖೋಲಿ ನೋಡಿಡು. ನನಗಲ್ಲ."