ಓಣಿ ಎಲ್ಲಿಗೆ ಮುಗೀತದ, ಆಯಿ?

ಭೂಮಿಯ ಯಾವುದೋ ಮೂಲೆಯಲ್ಲಿ ಬಾಂಬು ಬಿದ್ದರೆ ಶಹಾಬಾದಿನಲ್ಲಿ ನನ್ನ ಬೆಳಗಿನ ಚಹಾ ತಪ್ಪುತ್ತದೆ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಎರಡಕ್ಕೂ ನಡುವೆ ನಮ್ಮ ಅಣ್ಣನ ಮಗಳು ಕೂತಿದ್ದಾಳೆ! ವಯಸ್ಸು ಹದಿನಾರು. ತೂಕ ಅರ್ಧ ಚೀಲ ಜೋಳದಷ್ಟೂ ಇಲ್ಲ. ಹೊತ್ತುಕೊಂಡಿರುವುದು ಮಾತ್ರ ಇಡೀ ಜಗತ್ತು. ಹೆಸರು ಹೇಳುವುದಿಲ್ಲ. ಹೇಳಿದರೆ, "ನನ್ನ ಕೇಳಿ ಬರದಿ ಏನ್ ಕಾಕಾ?" ಎಂದು ಜಗತ್ತಿನ ಅನ್ಯಾಯಗಳ ಸಾಲಿಗೆ ನನ್ನನ್ನೂ ಸೇರಿಸಿಬಿಡುತ್ತಾಳೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾನು ಹಸಿವೆ ತಡೆಯದ ಮನುಷ್ಯ. ಲಗ್ನವಾಗಿಲ್ಲ, ಅಣ್ಣನ ಮನೆಯಲ್ಲೇ ಇದ್ದೇನೆ, ದಿನಾ ರೈಲು ಹತ್ತಿ ವಾಡಿಗೆ ನೌಕರಿಗೆ ಹೋಗುತ್ತೇನೆ. ಅಣ್ಣನ ನೌಕರಿ ದೂರದಲ್ಲಿ, ತಿಂಗಳಿಗೊಮ್ಮೆ ಬಂದುಹೋಗುತ್ತಾನೆ. ಹಾಗಾಗಿ ಮನೆಯಲ್ಲಿ ನಾವು ನಾಲ್ವರೇ: ನಮ್ಮವ್ವ, ಅತ್ತಿಗೆ, ಈ ಹುಡುಗಿ ಮತ್ತು ನಾನು. ಅವ್ವನನ್ನು ಹುಡುಗಿ 'ಆಯಿ' ಎಂದು ಕರೆಯುತ್ತಾಳೆ, ಕೇಳಿ ಕೇಳಿ ನಮಗೂ ಅದೇ ರೂಢಿಯಾಗಿದೆ. ಇಂಥ ಮನೆಯಲ್ಲಿ ಮುಂಜಾನೆ ಎದ್ದ ಕೂಡಲೇ ಚಹಾ, ಎಂಟಕ್ಕೆ ಬಿಸಿ ರೊಟ್ಟಿ ಸಿಕ್ಕರೆ ನನಗೆ ಯಾವ ದೇಶದ ಮೇಲೂ ಸಿಟ್ಟಿಲ್ಲ.

ರೋಗ ಸುರುವಾದದ್ದು ಚಾಕಲೇಟಿನಿಂದ. ಅವಳ ಹುಟ್ಟುಹಬ್ಬಕ್ಕೆಂದು ವಾಡಿಯಿಂದ ಒಂದು ಡಬ್ಬಿ ತಂದುಕೊಟ್ಟೆ. ತೆರೆಯಲೇ ಇಲ್ಲ!

"ಇದರ ಕೋಕೋ ಯಾರು ಕೀಳ್ತಾರ ಗೊತ್ತದ ಏನ್ ಕಾಕಾ? ನನಕಿಂತ ಸಣ್ಣ ಹುಡುಗರು. ಸಾಲಿ ಬಿಡಿಸಿ, ಕೈಯಾಗ ಕುಡಗೋಲು ಕೊಟ್ಟು..."

"ಅಂಗಡ್ಯಾಗ ಕುಂತವ ಮುದುಕ ಇದ್ದನವ್ವ," ಎಂದೆ.

ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ ಆ ಹುಡುಗರ ಕೈಗೆ ಕುಡಗೋಲು ಕೊಟ್ಟವನೇ ನಾನು! ತಂದದ್ದು ಹಾಳಾಗಬಾರದಲ್ಲ? ಇಡೀ ಡಬ್ಬಿಯನ್ನು ನಾನೊಬ್ಬನೇ ಮುಗಿಸಿದೆ. ಮರುದಿನ ಹೊಟ್ಟೆ ಕೆಟ್ಟು ರಜೆ ಹಾಕಿದೆ.

ಆಮೇಲೆ ದೀಪಾವಳಿ. ಅತ್ತಿಗೆಯ ತವರು ಸೇಡಂ, ಬಟ್ಟೆ ಅಲ್ಲಿಯೇ ಕೊಳ್ಳುವುದು ವಾಡಿಕೆ. ಹುಡುಗಿ ಒಂದು ಚೂಡಿದಾರ ಕೈಗೆತ್ತಿಕೊಂಡಳು, ಕೊರಳಪಟ್ಟಿ ತಿರುವಿ ಒಳಗಿನ ಚೀಟಿ ಓದಿದಳು, ಅಂಗಡಿಯವನನ್ನು ಕೇಳಿದಳು: "ಇದನ್ನ ಹೊಲಿದಾಕಿಗಿ ಏನ್ ಕೊಡ್ತಾರ್ರಿ?"

"ನಾ ಹೊಲಿದಿಲ್ಲ ತಂಗಿ, ಬರೇ ಮಾರ್ತೀನಿ."

"ಎಲ್ಲಾರೂ ಇದೇ ಹೇಳ್ತಾರ್ರಿ."

ಅಂಗಡಿಯವ ಹಣದ ಗಲ್ಲೆ ಬಿಟ್ಟು ಎದ್ದು ನಿಂತ. ಅತ್ತಿಗೆ ನಾಚಿಕೆಯಿಂದ ಸೆರಗನ್ನು ಮುಖಕ್ಕೆಳೆದುಕೊಂಡು ಹೊರಗೆ ಬಂದಳು. ಆ ದೀಪಾವಳಿಗೆ ನಮ್ಮ ಹುಡುಗಿ ಹಾಕಿಕೊಂಡದ್ದು ಸಾಲಿ ಯೂನಿಫಾರ್ಮು. ಹಬ್ಬಕ್ಕೆ ಬಂದಿದ್ದ ಚಿಂಚೋಳಿಯ ಬೀಗರು ಭಾಳ ಮರುಕದಿಂದ, "ಪಾಪ, ಇವತ್ತೂ ಸಾಲಿ ಅದ ಏನವ್ವ?" ಎಂದು ಕೇಳಿದರು.

ಇಷ್ಟಾದರೂ ನಾನು ಸುಮ್ಮನಿದ್ದೆ. ಚಾಕಲೇಟು ಬಿಡಲಿ, ಚೂಡಿದಾರ ಬಿಡಲಿ, ನನಗೇನು? ಆದರೆ ಅವಳು ಒಲೆಗೇ ಕೈ ಹಾಕಿದಳು ನೋಡಿ!

ನಮ್ಮ ಕಡೆ ಒಂದು ಪದ್ಧತಿ ಉಂಟು. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ. ಸತ್ತವನು ನಿಮ್ಮ ಮೇಲೆ ಕೋರ್ಟಿಗೆ ಹೋದವನಾದರೂ ಅಷ್ಟೆ. ಎತ್ತಿದ ಮೇಲೆ ನೆರೆಯವರು ರೊಟ್ಟಿ, ಝುಣಕ ಮಾಡಿ ಆ ಮನೆಗೆ ಒಯ್ದು ಉಣ್ಣಿಸಬೇಕು. ಇದನ್ನು ಹುಡುಗಿಗೆ ಕಲಿಸಿದವಳು ಆಯಿಯೇ. ಕಲಿಸಬಾರದಿತ್ತು.

ಒಂದು ಮುಂಜಾನೆ ಅಡುಗೆಮನೆಗೆ ಹೋದರೆ ಗ್ಯಾಸಿನ ಒಲೆ ತಣ್ಣಗಿದೆ, ಹುಡುಗಿ ಲೈಟರನ್ನು ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ಕೂತಿದ್ದಾಳೆ.

"ಚಹಾ?"

"ಒಲಿ ಹಚ್ಚಂಗಿಲ್ಲ ಕಾಕಾ. ಹೆಣ ಎತ್ತಿಲ್ಲ."

"ಯಾರ್ ಹೋದ್ರು?"

"ಹೆಸರು ಗೊತ್ತಿಲ್ಲ."

"ಯಾರ ಮನ್ಯಾಗ?"

"ಮನಿ ಇಲ್ಲ. ಬಿದ್ದದ. ಎಲ್ಲಾರೂ ಅದರ ಬುಡಕ ಇದ್ದಾರ."

ಫೋನು ತೋರಿಸಿದಳು. ಯಾವುದೋ ದೂರದ ದೇಶ, ಯುದ್ಧ, ಮುರಿದ ಗೋಡೆಗಳ ರಾಶಿ. ಒಬ್ಬ ಗಂಡಸು ಬರಿಗೈಯಿಂದ ಕಲ್ಲು ತೆಗೆದು ತೆಗೆದು ಬದಿಗಿಡುತ್ತಿದ್ದ. ನಾನು ಪೂರ್ತಿ ನೋಡಲಿಲ್ಲ.

ಆಯಿ ಬಂದಳು. "ಹಿಂಗ ಊರೂರಿಗೆಲ್ಲಾ ಸೂತಕ ಹಿಡದ್ರ ನಾವು ಉಣ್ಣೋದು ಯಾವಾಗ? ಅದು ಓಣಿ ಮಂದಿಗಿ ಇರೋ ಪದ್ಧತಿ ಅದ."

"ಓಣಿ ಎಲ್ಲಿಗೆ ಮುಗೀತದ, ಆಯಿ?"

ಆಯಿ ಕಿಟಕಿಯಿಂದ ಕೈ ಚಾಚಿದಳು. "ಬೇವಿನ ಗಿಡಕ್ಕ."

"ಯಾರ್ ಹೇಳ್ಯಾರ?"

"ನಮ್ಮತ್ತಿ ಹೇಳ್ಯಾಳ."

"ಗಿಡದ ಆಕಡಿ ಇದ್ದವ್ರು ಸತ್ರ?"

"ಅವರ ಓಣ್ಯಾಗ ಸಾಯ್ತಾರ. ಲೈಟರ್ ಕೊಡು ಇಲ್ಲಿ."

ಕೊಡಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಎದುರು ಮನೆಯ ಖಾಲಾ ಹತ್ತಿರ ಓಡಿದೆ. ಖಾಲಾ ನಮ್ಮ ಆಯಿಯ ವಾರಿಗೆಯವಳು, ನಾನು ಚಡ್ಡಿ ಹಾಕುವ ಮೊದಲಿನಿಂದ ನನ್ನನ್ನು ಬಲ್ಲವಳು. "ಖಾಲಾ, ಒಂದು ಕಪ್ ಚಹಾ ಕೊಡ್ರಿ. ಹೆಣ ಎತ್ತಿಲ್ಲಂತ ನಮ್ಮಲ್ಲಿ ಒಲಿ ಹಚ್ಚಿಲ್ಲ," ಎಂದುಬಿಟ್ಟೆ. ಹಸಿದ ಬಾಯಿ, ಪೂರ್ತಿ ವಿವರ ಹೇಳುವ ತ್ರಾಣ ಎಲ್ಲಿಯದು?

"ಯಾ ಅಲ್ಲಾ!" ಎಂದವಳೇ ಖಾಲಾ ಹಿತ್ತಲ ಬಾಗಿಲಿನಿಂದ ಕೂಗು ಹಾಕಿದಳು. ಆಗಲೇ ಕುದಿದಿದ್ದ ಚಹಾ ಕುಡಿದು ನಾನು ಮನೆಗೆ ಬರುವಷ್ಟರಲ್ಲಿ ಇಡೀ ಓಣಿ ನಮ್ಮ ಅಂಗಳದಲ್ಲಿತ್ತು. ಒಬ್ಬರು ಕುರ್ಚಿ ತಂದಿದ್ದರು. ಒಬ್ಬರು ಬಿದಿರು ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಬಂದು ಮೊದಲು ನೋಡಿದ್ದು ಆಯಿಯ ಮೂಲೆಯನ್ನು. ಅಲ್ಲಿ ಆಯಿ ಕಾಲು ಚಾಚಿ ಕೂತಿದ್ದಾಳೆ!

"ಅಯ್ಯ ಆಯಿ, ನೀವು ಇದ್ದೀರಲ್ರಿ!"

ಆ ದನಿಯಲ್ಲಿ ಸಂತೋಷ ಎಷ್ಟಿತ್ತು, ನಿರಾಸೆ ಎಷ್ಟಿತ್ತು, ಆಯಿ ಇವತ್ತಿಗೂ ಲೆಕ್ಕ ಹಾಕುತ್ತಿದ್ದಾಳೆ.

ಹುಡುಗಿ ಎದ್ದು ನಿಂತು ಎಲ್ಲರಿಗೂ ಹೇಳಿದಳು, ಫೋನು ತೋರಿಸಿದಳು. ಕೆಲವರು ನಕ್ಕರು, ಕೆಲವರು ಕುರ್ಚಿ ಎತ್ತಿಕೊಂಡು ಗೊಣಗುತ್ತ ಹೋದರು. ಖಾಲಾ ಮಾತ್ರ ಸುದ್ದಿ ತಿಳಿಯುವ ಮೊದಲೇ ಮಾಡಿಟ್ಟು ತಂದಿದ್ದ ಉಪ್ಪಿಟ್ಟಿನ ಪಾತೆಲಿ ಕೆಳಗಿಟ್ಟು ಕೇಳಿದಳು, "ಬಚ್ಚೇ, ಸಣ್ಣ ಮಕ್ಕಳೂ ಇದ್ವೇನು ಬೇಟಾ?"

"ಹೂಂ ಖಾಲಾ."

ಖಾಲಾ ಪಾತೆಲಿಯನ್ನು ಅಲ್ಲೇ ಬಿಟ್ಟು ಹೋದಳು. ಹುಡುಗಿ ಅದನ್ನು ಮುಟ್ಟಲಿಲ್ಲ. ನಾನು ಮುಟ್ಟಿದೆ. ಭಾಳ ರುಚಿಯಾಗಿತ್ತು.

ಅಂದಿನಿಂದ ಸ್ಟೇಷನ್ ದಾರಿಯಲ್ಲಿ ನನಗೆ ಮರ್ಯಾದೆ ಉಳಿಯಲಿಲ್ಲ. "ಏನ್ರಿ, ಇವತ್ತು ನಿಮ್ಮಲ್ಲಿ ಒಲಿ ಹತ್ಯದೇನು? ಜಗತ್ತು ಆರಾಮದ ಹಂಗಾರ!" ಎಂದು ಪಾನಂಗಡಿಯವನೂ ಕೇಳುವವನಾದ. ಆಯಿ ಕಾನೂನು ಮಾಡಿದಳು: ಹುಡುಗಿ ತಾನು ಬೇಕಾದರೆ ಉಪವಾಸ ಇರಲಿ, ಒಲೆ ಮುಟ್ಟುವಂತಿಲ್ಲ. ಹುಡುಗಿ ಒಪ್ಪಿದಳು. ಅನೇಕ ಮುಂಜಾನೆ ಏನೂ ತಿನ್ನದೆ ಸಾಲಿಗೆ ಹೋದಳು. ಅತ್ತಿಗೆ ಕಟ್ಟಿದ ಬುತ್ತಿ ಹಾಗೇ ಮರಳಿ ಬರುತ್ತಿತ್ತು. ನಗುತ್ತಿದ್ದ ನಮಗೆ ಬರಬರುತ್ತ ನಗು ಕಡಿಮೆಯಾಯಿತು. ಹುಡುಗಿಯ ಕೊರಳೆಲುಬು ಕಾಣತೊಡಗಿದ್ದವು.

ಇನ್ನು ಬೇವಿನ ಗಿಡದ ಆಚೆಗೆ ಬರೋಣ. ಅಲ್ಲೊಂದು ಕಲ್ಲಿನ ಪಾಲಿಶ್ ಶೆಡ್ಡು. ನಮ್ಮೂರಿನ ಫರಸಿಕಲ್ಲು ಎಲ್ಲೆಲ್ಲಿಯೋ ನೆಲವಾಗಲಿಕ್ಕೆ ಹೋಗುತ್ತದೆ, ಅದರ ಧೂಳು ಮಾತ್ರ ಎಲ್ಲಿಗೂ ಹೋಗದೆ ನಮ್ಮಲ್ಲೇ ಉಳಿಯುತ್ತದೆ. ಬೇವಿನ ಎಲೆ ಸದಾ ಬಿಳಿ. ಶೆಡ್ಡಿನ ಹಿಂದಿನ ತಗಡಿನ ಕೋಣೆಯಲ್ಲಿ ಒಡಿಶಾ ಕಡೆಯ ಕೆಲವು ಗಂಡಸರಿದ್ದರು. ಅವರಲ್ಲೊಬ್ಬನಿಗೆ ಕೆಮ್ಮು. ಬೆಳಕು ಹರಿಯುವ ಹೊತ್ತಿಗೆ ಸುರುವಾದರೆ ಕರುಳು ಕಿತ್ತು ಬರುವ ತನಕ ಕೆಮ್ಮುತ್ತಿದ್ದ. ಅತ್ತಿಗೆ ಕಿಟಕಿ ಮುಚ್ಚುತ್ತಿದ್ದಳು. ನಾನು ಅದೇ ಕೆಮ್ಮಿಗೆ ಏಳುವುದನ್ನು ರೂಢಿ ಮಾಡಿಕೊಂಡಿದ್ದೆ. "ನನಗ ಅಲಾರಾಂ ಖರ್ಚಿಲ್ಲ ನೋಡ್ರಿ!" ಎಂದು ವಾಡಿಯಲ್ಲಿ ಹೇಳಿ ನಗಿಸುತ್ತಲೂ ಇದ್ದೆ. ಹುಡುಗಿ ಒಮ್ಮೆ ಅವನಿಗೆ ಮೂಗಿಗೆ ಕಟ್ಟಿಕೊಳ್ಳಲಿಕ್ಕೆ ನನ್ನ ಹಳೆಯ ಪಂಚೆ ಹರಿದು ಕೊಟ್ಟುಬಂದಳು. "ಅವನಿಗಿ ಒಂದು ಹೆಸರದ ಕಾಕಾ," ಎಂದಳು. ನನಗೆ ಪಂಚೆಯದೇ ಚಿಂತೆ.

ಹತ್ತನೆಯ ಇಯತ್ತೆಯ ಫಲಿತಾಂಶ ಬಂತು. ಅಷ್ಟು ಉಪವಾಸ ಮಾಡಿಯೂ ಹುಡುಗಿ ಫಸ್ಟ್ ಕ್ಲಾಸ್! ಅತ್ತಿಗೆ ಮರುದಿನ ಮುಂಜಾನೆಯೇ ಹೋಳಿಗೆಗೆ ಕೂತಳು. ನಾನು ರಜೆ ಹಾಕಿದೆ. ಅವತ್ತು ಎಂದಿಲ್ಲದ ಹಾಗೆ ಹೊತ್ತು ಏರುವ ತನಕ ಮಲಗಿದ್ದೆ, ಎಂಥ ಸುಖದ ನಿದ್ದೆ ಎಂದುಕೊಂಡು ಎದ್ದೆ. ಹಂಚಿನ ಮೇಲೆ ಮೊದಲನೆಯ ಹೋಳಿಗೆ ಉಬ್ಬುತ್ತಿತ್ತು. ಓಣಿಯವರನ್ನು ಕರೆಯಲು ಹೋದ ಹುಡುಗಿ ಒಳಗೆ ಬಂದಳು, ಯಾರನ್ನೂ ನೋಡದೆ ಗ್ಯಾಸು ಆರಿಸಿದಳು.

"ಮಂಗಲು ಸತ್ತಾನ."

"ಯಾವ ಮಂಗಲು?" ಎಂದೆ, ಕಣ್ಣು ಹೋಳಿಗೆಯ ಮೇಲೆ.

"ನಿನ್ನ ಅಲಾರಾಂ."

ಆಗ ಹೊಳೆಯಿತು ನನಗೆ, ಆ ಸುಖದ ನಿದ್ದೆ ಎಲ್ಲಿಂದ ಬಂತೆಂದು.

"ಮುಂಜಾನಿಂದ ಅಲ್ಲೇ ಮಲಗ್ಯಾನ ಕಾಕಾ. ಬಾಜೂಕ ಮಷಿನ್ ನಡದದ. ಬಂದ್ ಮಾಡಿಲ್ಲ."

ಅತ್ತಿಗೆ ಕೈಯ ಹೂರಣ ತೊಳೆಯುತ್ತ, "ಇವತ್ತೊಂದಿನ ಬಿಡವ್ವ, ನಿನಗಂತನೇ ಮಾಡಲಿಕತ್ತಿದ್ದು. ಮತ್ತ ಅವ ಗಿಡದ ಆಕಡಿ ಅವ..." ಎಂದಳು. ಹುಡುಗಿ ವಾದ ಮಾಡಲಿಲ್ಲ. ಅಂಗಡಿಯವನನ್ನು ಗಲ್ಲೆಯಿಂದ ಎಬ್ಬಿಸಿದವಳು, ಇಡೀ ಓಣಿಯ ಎದುರು ಮಾತಾಡಿದವಳು, ಅವತ್ತು ಸುಮ್ಮನೆ ಅತ್ತಳು. ಒಲೆ ಇಟ್ಟಿದ್ದ ಕಟ್ಟೆಯ ಮೇಲೆ ಅಂಗೈ ಊರಿ, "ಈ ಕಲ್ಲು ಅವನೇ ಪಾಲಿಶ್ ಮಾಡ್ಯಾನವ್ವ," ಎಂದಳು. ನಾವೆಲ್ಲ ಕಟ್ಟೆಯನ್ನು ನೋಡಿದೆವು. ಅದರಲ್ಲಿ ನಮ್ಮ ಮುಖ ಕಾಣುತ್ತಿತ್ತು.

ಆಯಿ ಕೋಲು ಹುಡುಕಿಕೊಂಡು ಎದ್ದಳು. ಮೊಣಕಾಲು ಹೋದ ಮೇಲೆ ಅವಳು ಬೇವಿನ ಗಿಡ ದಾಟಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ದಾಟಿದಳು. ಶೆಡ್ಡಿನ ಬಾಗಿಲಲ್ಲಿ ನಿಂತು, "ಮಷಿನ್ ಬಂದ್ ಮಾಡ್ರಿ," ಎಂದಳು.

ಕೆಲಸ ಮಾಡಿಸುವ ಮುಕಾದಮ ಹಲ್ಲು ಕಿರಿದ. "ಲೋಡ್ ಹೋಗೋದದ ಆಯಿ. ಟ್ರಾಕ್ಟರ್ ಬರ್ತದ, ಅವನ್ನ ಒಯ್ತದ. ನೀವು ಯಾಕ ಬರ್ಲಾಕ ಹೋದ್ರಿ?"

"ನಮ್ಮ ಓಣ್ಯಾಗ ಹೆಣ ಅದ. ಬಂದ್ ಮಾಡಂದ್ರ ಬಂದ್ ಮಾಡು."

ಮಷಿನ್ ನಿಂತಿತು. ಆ ಸದ್ದಿಲ್ಲದ ಶಹಾಬಾದನ್ನು ನಾನು ಮೊದಲ ಸಲ ಕೇಳಿದೆ. ಖಾಲಾ ತನ್ನ ಒಲೆ ಆರಿಸಿದಳು, ಬಾಜು ಮನೆಯವರು ಆರಿಸಿದರು, ಹೀಗೆ ಓಣಿಯುದ್ದಕ್ಕೂ. ಮಂಗಲುವಿನ ಊರಿನವನೊಬ್ಬ ಚಿತ್ತಾಪುರದ ಕಡೆ ಕೆಲಸಕ್ಕಿದ್ದ, ಅವನು ಬರುವ ತನಕ ಕಾದೆವು. ಹುಡುಗಿಯ ಫೋನಿನಲ್ಲಿ ಮಂಗಲುವಿನ ಹೆಂಡತಿಗೆ ಅವನ ಮುಖ ತೋರಿಸಿದರು. ಆ ಹೆಂಗಸು ಏನು ಹೇಳಿ ಅಳುತ್ತಿದ್ದಾಳೆಂದು ನಮಗಾರಿಗೂ ತಿಳಿಯಲಿಲ್ಲ. ನಮ್ಮ ಓಣಿಯ ಹೆಂಗಸರು ಅಳಲಿಕ್ಕೆ ಅದು ಅಡ್ಡಿಯಾಗಲಿಲ್ಲ. ನಾನು ಒಂದು ಕಡೆ ಹೆಗಲು ಕೊಟ್ಟೆ. ಅವನಲ್ಲಿ ಭಾರವೇ ಇರಲಿಲ್ಲ.

ಮಣ್ಣು ಮಾಡಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಯಿ ಬೇವಿನ ಬುಡದಲ್ಲಿ ಕುಸಿದು ಕೂತಿದ್ದಳು. ಸಕ್ಕರೆ ಕಾಯಿಲೆಯವಳು, ಮುಂಜಾನೆ ಗುಳಿಗೆ ನುಂಗಿ ಸಂಜೆಯ ತನಕ ಏನೂ ತಿಂದಿರಲಿಲ್ಲ. ಮೈ ಬೆವತು ಕೈ ನಡುಗುತ್ತಿತ್ತು, ಕಣ್ಣು ಮೇಲಾಗಿದ್ದವು. ಹುಡುಗಿ ಮನೆಗೆ ಓಡಿ ಹೂರಣ ಮುಷ್ಟಿಯಲ್ಲಿ ತಂದು, "ತಿನ್ನು ಆಯಿ, ನನ್ನ ಆಣಿ ತಿನ್ನು," ಎಂದು ಬಾಯಿಗೆ ತುರುಕಿದಳು. ಆಯಿ ಕಣ್ಣು ಬಿಟ್ಟಳು. ಹುಡುಗಿಯ ಮುಖ ಮಾತ್ರ ಬಿಳಿಚಿಕೊಂಡದ್ದು ಸರಿಹೋಗಲಿಲ್ಲ. ದೂರದವರಿಗಾಗಿ ಅಷ್ಟು ದಿನ ಉಪವಾಸ ಮಾಡಿದವಳು, ಉಪವಾಸ ಎಂದರೇನೆಂದು ಅವತ್ತು ಕಂಡಳು. ಸಂಜೆ ಅತ್ತಿಗೆ, ಖಾಲಾ ಇಬ್ಬರೂ ಶೆಡ್ಡಿನವರಿಗೆ ರೊಟ್ಟಿ, ಝುಣಕ ಒಯ್ದರು.

ಮರುದಿನ ಕೆಮ್ಮಿಲ್ಲದಿದ್ದರೂ ಅದೇ ಹೊತ್ತಿಗೆ ಎಚ್ಚರವಾಯಿತು. ಅಡುಗೆಮನೆಗೆ ಹೋದೆ. ಆಯಿ ಒಲೆಯ ಮುಂದೆ ಲೈಟರು ಹಿಡಿದು ನಿಂತಿದ್ದಾಳೆ, ಹಚ್ಚುತ್ತಿಲ್ಲ. ಹುಡುಗಿ ಮೂಲೆಯಲ್ಲಿ ಹೆರಳು ಹಾಕಿಕೊಳ್ಳುತ್ತಿದ್ದಳು.

"ಅವ್ವಿ," ಎಂದಳು ಆಯಿ, "ಅಲ್ಲಿ... ಆ ಮನಿ ಬಿದ್ದೂರಾಗ... ಎತ್ತಿದ್ರೇನವ್ವ?"

ಹುಡುಗಿಯ ಕೈ ಹೆರಳಿನಲ್ಲೇ ನಿಂತಿತು. ಅವಳು ಆಯಿಯನ್ನು, ಕಟ್ಟೆಯ ಮೇಲಿದ್ದ ಸಕ್ಕರೆ ಗುಳಿಗೆಯನ್ನು ನೋಡಿದಳು. ಅವಳ ಫೋನು ನಿನ್ನೆ ಸಂಜೆಯಿಂದ ನನ್ನ ಕೋಣೆಯಲ್ಲಿ ಆರಿಹೋಗಿ ಬಿದ್ದಿತ್ತು, ಅಲ್ಲಿಯ ಸುದ್ದಿ ಅವಳು ನೋಡಿಯೇ ಇರಲಿಲ್ಲ.

"ಎತ್ತಿದ್ರು ಆಯಿ," ಎಂದಳು. "ಎಲ್ಲಾರ್ನೂ ಎತ್ತಿದ್ರು. ನೀ ಒಲಿ ಹಚ್ಚು."

ಆಯಿ ಹಚ್ಚಿದಳು. ಹುಡುಗಿ ಚಹಾ ತಂದು ನನ್ನ ಮುಂದಿಟ್ಟು, ಮೆಲ್ಲಗೆ, "ಆಯಿಗಿ ಹೇಳಬ್ಯಾಡ ಕಾಕಾ," ಎಂದಳು. ನಾನು ತಲೆಯಾಡಿಸಿದೆ.

ಇವತ್ತಿನವರೆಗೂ ಹೇಳಿಲ್ಲ. ದಿನಾ ಮುಂಜಾನೆ ಆಯಿ ಲೈಟರು ಹಿಡಿದು ಕೇಳುತ್ತಾಳೆ. ದಿನಾ ಮುಂಜಾನೆ ನಮ್ಮ ಹುಡುಗಿ, ಒಂದು ಸುಳ್ಳನ್ನೂ ಸಹಿಸದಿದ್ದ ನಮ್ಮ ಹುಡುಗಿ, "ಎತ್ತಿದ್ರು ಆಯಿ," ಎನ್ನುತ್ತಾಳೆ. ಒಲೆ ಹೊತ್ತುತ್ತದೆ. ನಾನು ಚಹಾ ಕುಡಿಯುತ್ತೇನೆ.