ಬೀಸುವ ಕಲ್ಲೂ ಸೂಫಿ ಧ್ಯಾನವೂ

ಭಾಷಣ ಮಾಡುವವರಿಗೆಲ್ಲ ನನ್ನದೊಂದು ಕಿವಿಮಾತು: ಮನೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಬೇಡಿ. ಸಭೆಯಲ್ಲಿ ಕುಳಿತವರು ನಮ್ಮ ಮಾತನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ಅಡುಗೆಮನೆಯಲ್ಲಿದ್ದವರು ಹಾಗಲ್ಲ. ನಾನು ಗೋಕಾಕದಲ್ಲಿ ಇತಿಹಾಸ ಪಾಠ ಮಾಡುವವನು. ಮೂಡಲಗಿಯ ವ್ಯಾಪಾರಸ್ಥರು, ಬೆಲ್ಲದ ಧಾರಣೆಯ ಮಾತು ಕೇಳಿ ಕೇಳಿ ಬೇಸತ್ತಿದ್ದರೋ ಏನೋ, ಹಳೆಯ ಕಾಲದ ದುಡಿಮೆ, ವ್ಯಾಪಾರಗಳ ಮೇಲೆ ಸೂಫಿಗಳ ಪ್ರಭಾವ ಕುರಿತು ಮಾತಾಡಲು ಕರೆದಿದ್ದರು. ಹಿಂದಿನ ದಿನ ಮುಂಜಾನೆ ಪಡಸಾಲೆಯಲ್ಲಿ ನಿಂತು ಗೋಡೆಗೆ ಹೇಳುತ್ತಿದ್ದೆ: "ದರ್ಗಾಕ್ಕೆ ಜನ ಬಂದರು, ಜನರ ಹಿಂದೆ ಸಂತೆ ಬಂತು. ದಖನ್ನಿನ ಸೂಫಿಗಳು ನೂಲುವವರಿಗೆ, ಬೀಸುವವರಿಗೆ ಹಾಡು ಕಟ್ಟಿಕೊಟ್ಟರು. ದೇವರ ಹೆಸರು ಹೇಳುತ್ತ ಬೀಸಿದರೆ ಅದೇ ಧ್ಯಾನ. ದಣಿವೆಂಬುದೇ ಇಲ್ಲ!"

"ಖರೇನ್ರಿ?" ಬಾಗಿಲಲ್ಲಿ ನನ್ನ ಹೆಂಡತಿ ಶಾಂತಾ ನಿಂತಿದ್ದಳು. "ಗಿರಣಿ ಬಂದ್ ಐತಿ, ಜೋಳದ ಹಿಟ್ಟು ಮುಗದೈತಿ. ಹುಕ್ಕೇರಿಯಿಂದ ತಂಗಿ, ಆಕಿ ಗಂಡ ಊಟಕ್ಕ ಬರಾಕತ್ತಾರ. ಅತ್ತಿಯವರ ಬೀಸೂ ಕಲ್ಲು ಹಿತ್ತಲದಾಗ ಐತಿ. ಬರ್ರಿ, ಧ್ಯಾನ ಮಾಡ್ರಿ."

"ಅಲ್ಲ, ಆ ಹಾಡು ಹೆಣ್ಮಕ್ಕಳಿಗಂತ..."

"ದೇವರು ಗಂಡಸರು ಬ್ಯಾಡ ಅಂದಾನೇನ್ರಿ?"

ತೋಳು ಮಡಚಿ ಹಿತ್ತಲಿಗೆ ಹೋಗಿ ಕಲ್ಲಿನ ಮುಂದೆ ಕುಳಿತೆ. ಮೊದಲ ಸುತ್ತು ಗಾಂಭೀರ್ಯದಿಂದಲೇ ಆಯಿತು. ಆಮೇಲೆ ಕಲ್ಲು ನನ್ನನ್ನೇ ತಿರುಗಿಸತೊಡಗಿತು. ಆದರೆ ಸೂಫಿಗಳ ಮಾತು ಸುಳ್ಳಲ್ಲ, ಯಾರೂ ಹೇಳಿಕೊಡದೆಯೇ ನನ್ನ ಬಾಯಿಂದ "ಯಪ್ಪಾ ದೇವರ!" ಎಂಬ ನಾಮಸ್ಮರಣೆ ಹೊರಟಿತು. ಉದುರಿದ್ದು ಮಾತ್ರ ಹಿಟ್ಟಲ್ಲ, ರವೆ. ರೊಟ್ಟಿ ಹಂಚಿಗೆ ಬೀಳುವ ಮೊದಲೇ ಒಡೆಯಿತು. ಕೊನೆಗೆ ಶಾಂತಾ ಅದನ್ನೇ ನುಚ್ಚು ಮಾಡಿ ಬಡಿಸಿದಳು. "ನೋಡ್ರಿ, ಮಾವಾರು ಬೀಸ್ಯಾರ!" ಎಂದು ಅವಳ ತಂಗಿ ತನ್ನ ಗಂಡನಿಗೆ ತೋರಿಸಿದಳು. ಆತ ತಲೆ ಎತ್ತದೆ ಉಂಡ. ಹೋಗುವಾಗ, ಗಂಡಂದಿರ ಕುಲಕ್ಕೇ ದ್ರೋಹ ಬಗೆದವನನ್ನು ನೋಡುವಂತೆ ನನ್ನನ್ನು ನೋಡಿದ.

ಎಂದೂ ನನ್ನ ಭಾಷಣಕ್ಕೆ ಬಾರದ ಶಾಂತಾ ಮರುದಿನ ಮೂಡಲಗಿಯಲ್ಲಿ ಮೊದಲ ಸಾಲಿನಲ್ಲೇ ಕುಳಿತಳು. ದರ್ಗಾ, ಸಂತೆ, ಬೀಸುವ ಹಾಡು ಎಲ್ಲ ಹೇಳಿದೆ. ದಣಿವಿನ ಮಾತನ್ನು ಜಾಣತನದಿಂದ ಹಾರಿಸಿದೆ. ಆದರೆ ಹಿರಿಯ ವ್ಯಾಪಾರಿಯೊಬ್ಬರು ಎದ್ದು ನಿಂತರು. "ಸರ, ಹಾಡಿಕೊಂತ ಬೀಸಿದ್ರ ದಣಿವು ಖರೇನ ಹೋಗತಿತ್ತೇನ್ರಿ?"

"ಅದನ್ನ ಬೀಸಿದವರನ್ನ ಕೇಳಬೇಕ್ರಿ," ಎಂದು ತಪ್ಪಿಸಿಕೊಂಡೆ.

ಶಾಂತಾ ಎದ್ದು ನನ್ನತ್ತ ಕೈ ತೋರಿಸಿದಳು. "ಅವರನ್ನ ಕೇಳ್ರಿ. ನಿನ್ನಿ ಅವರ ಬೀಸ್ಯಾರ."

ನನ್ನ ಯಾವ ಭಾಷಣಕ್ಕೂ ಅಷ್ಟು ಚಪ್ಪಾಳೆ ಬಿದ್ದಿಲ್ಲ. ಸಭ್ಯತೆಗೆಂದು ನಾನೂ ತಟ್ಟಲು ಹೋದೆ, ಕೈ ಏಳಲಿಲ್ಲ.